ಊದಿದವರ ಹೆಸರೆಲ್ಲಿ?

ಕಾರ್ಖಾನೆಯ ಹಂಗಿಲ್ಲದೆ ಕಲಾವಿದನೇ ಕುಲುಮೆಯ ಮುಂದೆ ನಿಂತು ಗಾಜು ಊದಬಲ್ಲನೆಂದು ತೋರಿಸಲು, 1962ರಲ್ಲಿ ಅಮೆರಿಕದ ಟೊಲೀಡೊ ಕಲಾ ಸಂಗ್ರಹಾಲಯದ ಗ್ಯಾರೇಜಿನಲ್ಲಿ ಪ್ರಾಧ್ಯಾಪಕ ಹಾರ್ವೆ ಲಿಟಲ್‌ಟನ್ ಸಣ್ಣ ಕುಲುಮೆ ಹೂಡಿದರು. 'ಸ್ಟುಡಿಯೋ ಗಾಜು' ಎಂಬ ಕಲಾ ಚಳವಳಿ ಹುಟ್ಟಿದ್ದು ಅಲ್ಲಿ. ಆದರೆ ಅಲ್ಲಿ ಊದುಗೊಳವೆ ಹಿಡಿದು ಕೈಚಳಕ ತೋರಿಸಿಕೊಟ್ಟವರಾರು? ಲಿಬ್ಬಿ ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಹಾರ್ವೆ ಲೀಫ್‌ಗ್ರೀನ್! ಈ ಕಲೆಗೆ ಪಾಠ ಹೇಳಿದವನು ಒಬ್ಬ ಕಾರ್ಮಿಕ.

ಇದೇ ಕಲೆಯಲ್ಲಿ ಜಗತ್ತಿಗೆಲ್ಲ ಹೆಸರಾದವರು ಡೇಲ್ ಚಿಹುಲಿ. 1976ರ ಅಪಘಾತದಲ್ಲಿ ಅವರ ಒಂದು ಕಣ್ಣು ಹೋಯಿತು. 1979ರಲ್ಲಿ ಭುಜಕ್ಕೆ ಪೆಟ್ಟಾಯಿತು. ಆಮೇಲೆ ಚಿತ್ರ ಬರೆದು ಸೂಚನೆ ಕೊಡುವುದು ಅವರದಾಯಿತು. ಬೆಂಕಿಯೆದುರು ಬೆವರು ಸುರಿಸುವುದು ತಂಡದವರ ಪಾಲಾಯಿತು. ಅವರ ಕಷ್ಟವನ್ನು ನಾವು ಹಂಗಿಸುವುದಿಲ್ಲ. ಆದರೆ ಕೃತಿಯ ಮೇಲಿನ ಸಹಿ ಒಬ್ಬರದೇ ಏಕೆ?

ಅವರು ನಿರ್ದೇಶಕರಿದ್ದಂತೆ ಎಂಬ ಸಮರ್ಥನೆಯುಂಟು. ಒಳ್ಳೆಯದು. ಸಿನಿಮಾದಲ್ಲಿ ದೀಪ ಹಿಡಿದವನ ಹೆಸರೂ ತೆರೆಯ ಮೇಲೆ ಬರುತ್ತದಲ್ಲ!

ಬಂಧುಗಳೇ, ನೀವು ನೇಯುವ, ನೀವು ಮಾರುವ ಬಟ್ಟೆಯ ಮೇಲೆ ಮಿಲ್ಲಿನ ಮುದ್ರೆಯುಂಟು, ನೇಯ್ದವನ ಹೆಸರಿಲ್ಲ. ಕಾರ್ಖಾನೆಯಿಂದ ಬಿಡುಗಡೆ ಬೇಕೆಂದು ಹೊರಟ ಕಲೆಯೂ ಅದೇ ಮುದ್ರೆ ಒತ್ತಿದರೆ, ಬಿಡುಗಡೆ ಸಿಕ್ಕಿದ್ದು ಯಾರಿಗೆ? ಊದಿದವರ ಹೆಸರು ಕೃತಿಯ ಪಕ್ಕದಲ್ಲೇ ಬರಲಿ.