ಪ್ರತಿ ಮಾಡಿಸಿದವರು

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಗೈದ ಅತ್ತಿಮಬ್ಬೆಯನ್ನು ಸ್ಮರಿಸುವಾಗ ಒಂದಂಶ ಮರೆಯಾಗುತ್ತದೆ. ಆಕೆ ಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ. ಲಿಪಿಕಾರರ ಕೈಗೆ ಕೊಟ್ಟು ಉಳಿಸಿದಳು.

ಬೆಂಗಳೂರಿನ ವಿಮೋರ್ ಜವಳಿ ಸಂಗ್ರಹಾಲಯವನ್ನು ನಡೆಸುವವರ ಮಾರ್ಗವೂ ಇದೇ. 1974ರಲ್ಲಿ ಚಿಮ್ಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ ಆರಂಭಿಸಿದ ಸೀರೆಯ ಕಾಯಕದಿಂದ ಬೆಳೆದದ್ದು ಅದು. ಹಳೆಯ ಸೀರೆಯನ್ನು ನೇಕಾರರ ಮುಂದೆ ಹರಡಿ ಮತ್ತೆ ನೇಯಿಸುವುದು ಅವರ ಕ್ರಮ. ಸಾರಾಭಾಯಿ ಎಂಬ ಜೈನ ಮನೆತನ 1949ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಕ್ಯಾಲಿಕೊ ಸಂಗ್ರಹಾಲಯದ ವೈಭವ ಇದಕ್ಕಿಲ್ಲ, ಇರಬೇಕಾಗಿಯೂ ಇಲ್ಲ.

ಇಳಕಲ್ಲ ಸೀರೆಯನ್ನೇ ನೋಡಬಹುದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿ ಗಾಜಿನ ಆಚೆಗಿದ್ದರೆ ಕಾಣುವುದಿಲ್ಲ, ಬೆರಳಿಗೆ ಸಿಗಬೇಕು. ಹೀಗಿರುವಾಗ ಜವಳಿ ವ್ಯಾಪಾರಕ್ಕೆ ಗಡಿಯಾಚೆಗೂ ಹೆಸರಾದ ಚಡಚಣದಂಥ ಊರಿನಲ್ಲಿ ಹಳೆಯ ಸೀರೆಗಳಿಗೆ ಒಂದು ಕೋಣೆಯಾದರೂ ಬೇಕು. ಸದ್ಯ ಅಜ್ಜಿಯ ಸೀರೆ ಕೌದಿಯ ಪದರಾಗುತ್ತದೆ. ಕೌದಿ ಸಣ್ಣ ಕಲೆಯೇನಲ್ಲ, ಆದರೆ ಅದರೊಳಗೆ ಸೇರಿದ ಅಂಚಿನ ಮಾದರಿಯನ್ನು ಯಾವ ನೇಕಾರನೂ ಮತ್ತೆ ಓದಲಾರ.

ಕೋಣೆ ಕೊಡಬೇಕಾದವರು ಅಲ್ಲಿನ ವರ್ತಕರು, ಪಟ್ಟಿ ಬರೆಯಬೇಕಾದವರು ಕಾಲೇಜುಗಳ ಕನ್ನಡ ವಿಭಾಗದವರು. ಎರಡನೆಯವರ ಹೊಣೆಯೇ ಹೆಚ್ಚಿನದು. ನೇಕಾರನಾಗಿದ್ದ ಮುದನೂರಿನ ಜೇಡರ ದಾಸಿಮಯ್ಯನ ವಚನಗಳನ್ನು ವರ್ಷವರ್ಷವೂ ಪಾಠ ಹೇಳುವ ಅವರಲ್ಲಿ, ಕುಣಿಮಗ್ಗದ ಪಕ್ಕದಲ್ಲಿ ಒಂದು ದಿನ ಕುಳಿತು ಬಂದವರೆಷ್ಟು?