ಮೂಸುವ ವಿಷವೂ ಗಡಿನಾಡಿನ ಮಕ್ಕಳೂ

ಮದ್ಯ, ಗಾಂಜಾ, ಅಫೀಮು ಮೊದಲಾದವು ಪ್ರಾಯ ಬಂದವರನ್ನೇ ಹೆಚ್ಚಾಗಿ ಹಿಡಿಯತಕ್ಕ ವ್ಯಸನಗಳು. ಆದರೆ ಟ್ಯೂಬಿಗೆ ತೇಪೆ ಹಾಕುವ ಸೊಲ್ಯೂಷನ್, ಬರೆದ ತಪ್ಪನ್ನು ಮರೆಮಾಡುವ ವೈಟ್ನರ್, ಬಣ್ಣಕ್ಕೆ ಬೆರೆಸುವ ಥಿನ್ನರ್, ಪೆಟ್ರೋಲು ಇವುಗಳ ಆವಿಯನ್ನು ಮೂಸುವ ಚಟವೊಂದು ಮಾತ್ರ ಹಿರಿಯರಿಗಿಂತ ಕಿರಿಯರಲ್ಲೇ ಹೆಚ್ಚು ವ್ಯಾಪಿಸಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರನ್ನು ಮೀರಿಸಿ ಮಕ್ಕಳು ಮುಂದಿರುವ ಏಕೈಕ ಮಾದಕ ವರ್ಗವೆಂದರೆ ಇದೇ. ಈ ಚಟದಿಂದ ಹೊರಬರಲು ನೆರವು ಬೇಕಾದ ಮಕ್ಕಳ ಸಂಖ್ಯೆಯನ್ನು ಆ ಸಮೀಕ್ಷೆಯು 4.6 ಲಕ್ಷವೆಂದು ಅಂದಾಜು ಮಾಡಿದೆ.

ಬೆಂಗಳೂರಿನ ಮೆಜೆಸ್ಟಿಕ್ ಸುತ್ತಲಿನ ಬೀದಿಮಕ್ಕಳ ನಡುವೆ ‘ಸೊಲ್ಯೂಷನ್’ ಎಂಬ ಮಾತಿಗೆ ಬಹುಕಾಲದಿಂದ ಬೇರೆಯೇ ಅರ್ಥವಿರುವುದನ್ನು ಪತ್ರಿಕೆಗಳ ಓದುಗರು ಬಲ್ಲರು. ಆದರೆ ಆ ವಸ್ತು ಮಹಾನಗರಕ್ಕೆ ಮಾತ್ರ ಸೇರಿದ್ದಲ್ಲ. ಕರ್ನಾಟಕದ ಗಡಿಗೆ ತಾಗಿದ ಆಂಧ್ರದ ಮಡಕಶಿರಾ ಸೀಮೆಯ ಅಗಳಿಯಂಥ ಊರಿನಲ್ಲಿಯೂ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ, ಗುಳ್ಳೆಯೆದ್ದ ತಾವನ್ನು ಉಜ್ಜಿ, ಸೊಲ್ಯೂಷನ್ ಸವರಿ, ಅದು ಆರುವವರೆಗೆ ಬೆರಳಲ್ಲಿ ಹಿಡಿದು ಕಾಯುತ್ತಾನೆ. ಆ ಘಾಟು ವಾಸನೆ ಅಲ್ಲಿ ನಿಂತ ಹುಡುಗರೆಲ್ಲರಿಗೂ ಪರಿಚಿತವಾದದ್ದೇ. ಸೀಸೆಗಳಲ್ಲಿ ವೈಟ್ನರ್ ಮಾರುವುದನ್ನು ಕೇಂದ್ರ ಸರ್ಕಾರವು 2012ರಲ್ಲಿ ನಿಷೇಧಿಸಿ, ಪೆನ್ನಿನ ರೂಪದ್ದಕ್ಕೆ ಮಾತ್ರ ಅವಕಾಶವಿತ್ತಿತು. ಅದು ಸ್ತುತ್ಯವಾದ ಕ್ರಮವೇ ಸರಿ. ಆದರೆ ಸೈಕಲ್ಲು ಓಡುವ ನಾಡಿನಲ್ಲಿ ಸೊಲ್ಯೂಷನ್ನನ್ನು ನಿಷೇಧಿಸಲಾಗದು, ಪೆಟ್ರೋಲನ್ನಂತೂ ಸಾಧ್ಯವೇ ಇಲ್ಲ. ವಸ್ತುವನ್ನು ಮಗುವಿನಿಂದ ದೂರವಿಡಲಾಗದ ಕಡೆ ಮಗುವಿನ ಮನಸ್ಸನ್ನು ವಸ್ತುವಿನಿಂದ ದೂರವಿಡುವ ಮಾತೇ ಉಳಿದ ಉಪಾಯ. ಆ ಮಾತು ಎಂಥದಾಗಿರಬೇಕೆಂಬುದೇ ಇಲ್ಲಿನ ಪ್ರಶ್ನೆ.

ಕೈಗೆ ಮೊದಲು ಬರುವ ಅಸ್ತ್ರವು ಭಯ. ತಲೆಬುರುಡೆಯ ಚಿತ್ರ, ಹೆಣದ ಚಿತ್ರ, ‘ಸಾಯುವಿರಿ’ ಎಂಬ ಘೋಷಣೆ. ಅಮೆರಿಕದಲ್ಲಿ ಜಾನಿಸ್ ಮತ್ತು ಫೆಶ್‌ಬಾಕ್ ಎಂಬ ಮನೋವಿಜ್ಞಾನಿಗಳು 1953ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹಲ್ಲಿನ ಆರೋಗ್ಯದ ವಿಷಯದಲ್ಲಿ ಮೂರು ಬಗೆಯ ಉಪನ್ಯಾಸಗಳನ್ನು ಕೇಳಿಸಿ ನೋಡಿದಾಗ, ಅತಿಯಾಗಿ ಹೆದರಿಸಿದ ಉಪನ್ಯಾಸವೇ ನಡತೆಯನ್ನು ತಿದ್ದುವುದರಲ್ಲಿ ಹಿಂದೆ ಬಿತ್ತು. ಅದೇ ದೇಶವು 1998ರಿಂದ ಆರು ವರ್ಷಗಳ ಕಾಲ ಸುಮಾರು ನೂರು ಕೋಟಿ ಡಾಲರು ಸುರಿದು ನಡೆಸಿದ ಮಾದಕವಿರೋಧಿ ಜಾಹೀರಾತು ಆಂದೋಲನವು ಗಾಂಜಾ ಸೇವನೆಯನ್ನು ತಗ್ಗಿಸಲಿಲ್ಲವೆಂದೂ, ಕೆಲವರಲ್ಲಿ ಒಲವನ್ನೇ ಹೆಚ್ಚಿಸಿರುವ ಸೂಚನೆಯುಂಟೆಂದೂ 2008ರಲ್ಲಿ ಪ್ರಕಟವಾದ ಮೌಲ್ಯಮಾಪನ ತಿಳಿಸಿತು. ‘ಎಲ್ಲರೂ ಮಾಡುತ್ತಿದ್ದಾರೆ, ನೀನು ಮಾಡಬೇಡ’ ಎಂಬ ಧ್ವನಿಯಲ್ಲಿ ಬಾಲಕನ ಕಿವಿಗೆ ಮೊದಲರ್ಧವಷ್ಟೇ ಬೀಳುತ್ತದೆ. ಸ್ವಾತಂತ್ರ್ಯವನ್ನು ಕಸಿಯುವಂತೆ ತೋರುವ ಆಜ್ಞೆಯನ್ನು ಮನಸ್ಸು ತಿರುಗಿ ತಳ್ಳುವುದೆಂದು ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲಿ ಮಂಡಿಸಿದ ಸಿದ್ಧಾಂತಕ್ಕೆ, ಹನ್ನೆರಡರ ಹರೆಯದ ಹುಡುಗನಿರುವ ಯಾವ ಮನೆಯಾದರೂ ಸಾಕ್ಷಿ ನುಡಿದೀತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ದಾರಿಯುಂಟು. ತನಗೆಂದು ಆಡದ ಮಾತು ಅಕಸ್ಮಾತ್ತಾಗಿ ಕಿವಿಗೆ ಬಿದ್ದಾಗ, ಕೆಲವು ಸಂದರ್ಭಗಳಲ್ಲಿ ಅದು ನೇರ ಉಪದೇಶಕ್ಕಿಂತ ಆಳವಾಗಿ ನಾಟುವುದೆಂದು ವಾಲ್‌ಸ್ಟರ್ ಮತ್ತು ಫೆಸ್ಟಿಂಗರ್ ಎಂಬ ಮನೋವಿಜ್ಞಾನಿಗಳು 1962ರಲ್ಲಿ ತೋರಿಸಿದರು. ಹುಡುಗನಿಗೆ ಬುದ್ಧಿ ಹೇಳುವುದರ ಬದಲು, ಅವನ ಎದುರಿನಲ್ಲಿ ಅವನ ತಾಯಿಗೆ, ಅಜ್ಜನಿಗೆ, ಅಂಗಡಿಯ ಯಜಮಾನನಿಗೆ ವಿಷಯ ತಿಳಿಸುವುದೇ ಲೇಸೆಂಬುದು ನನ್ನ ನಿಶ್ಚಿತಾಭಿಪ್ರಾಯ.

ತಿಳಿಸತಕ್ಕ ವಿಷಯವೂ ಸಣ್ಣದಲ್ಲ. ಇದನ್ನು ‘ನಶೆ’ ಎಂದು ಕರೆದು ಆಕರ್ಷಣೆಯ ಅಂಚು ಕೊಡುವುದು ತಪ್ಪು; ಇದು ವಿಷ, ಬೇರೇನೂ ಅಲ್ಲ. ಟಾಲ್ಯುಯೀನ್ ಮೊದಲಾದ ದ್ರಾವಕಗಳ ಆವಿಯು ಶ್ವಾಸಕೋಶದ ಮೂಲಕ ಕ್ಷಣಗಳಲ್ಲಿ ಮೆದುಳನ್ನು ಸೇರುತ್ತದೆ. ದೀರ್ಘಕಾಲ ಮೂಸಿದವರಲ್ಲಿ ನರತಂತುಗಳ ಹೊದಿಕೆಯೇ ಸವೆದು ನಡಿಗೆ, ನೆನಪು, ಶ್ರವಣ ಕೆಡುತ್ತವೆ. ಅದಕ್ಕಿಂತ ಭಯಂಕರವಾದದ್ದು ಹೃದಯದ ಮೇಲಿನ ಪರಿಣಾಮ. ಮೂಸಿದ ಸಮಯದಲ್ಲಿ ಬೆದರಿ ಓಡಿದರೂ ಸಾಕು, ಹೃದಯದ ಲಯ ತಪ್ಪಿ ಮರಣ ಸಂಭವಿಸಬಹುದು. ಮೊದಲ ಸಲವೇ ಸಂಭವಿಸಬಹುದು. ಮಿಲಾರ್ಡ್ ಬಾಸ್ ಎಂಬ ವೈದ್ಯರು 1970ರಲ್ಲಿ ಇಂಥ 110 ಎಳೆಯರ ಹಠಾತ್ ಮರಣಗಳನ್ನು ವರದಿ ಮಾಡಿದ್ದರು. ಆದುದರಿಂದ ಮೂಸುತ್ತಿರುವ ಮಗುವನ್ನು ಕಂಡಾಗ ಕೂಗಾಡಿ ಅಟ್ಟಿಸಿಕೊಂಡು ಹೋಗಕೂಡದು. ಸಮಾಧಾನದಿಂದ ಕೂರಿಸಿ, ಗಾಳಿಯಾಡುವಂತೆ ಮಾಡಿ, ವೈದ್ಯರನ್ನು ಕಾಣಬೇಕು. ಪದೇಪದೇ ತಲೆನೋವು, ಬಾಯಿಯ ಸುತ್ತ ಹುಣ್ಣು, ಅಂಗಿಯ ತೋಳಿನಲ್ಲಿ ಬಿಳಿಯ ಕಲೆ, ಉಸಿರಿನಲ್ಲಿ ಬಣ್ಣದ ವಾಸನೆ, ಊಟದಲ್ಲಿ ನಿರಾಸಕ್ತಿ ಇವೆಲ್ಲ ತಾಯಂದಿರು ಗಮನಿಸಬಹುದಾದ ಲಕ್ಷಣಗಳು.

ಇಷ್ಟನ್ನೂ ಯಾವ ಭಾಷೆಯಲ್ಲಿ ಹೇಳುವುದು? ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಮನೆಯ ಮಾತು ಬಹುಮಟ್ಟಿಗೆ ಕನ್ನಡ. ಇಲ್ಲಿನ ಹೇಮಾವತಿ ಊರಿನ ನೊಳಂಬ ಅರಸರ ಶಾಸನಗಳ ಕಾಲದಿಂದಲೂ ಈ ಸೀಮೆ ಕನ್ನಡದ್ದೇ. ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ಮನೆಯ ಮಾತು ಬದಲಾಗಲಿಲ್ಲ. ಆಂಧ್ರ ಸರ್ಕಾರದ ಪ್ರಚಾರಪತ್ರಗಳು ತೆಲುಗಿನಲ್ಲಿ ಬರುತ್ತವೆ, ಕರ್ನಾಟಕದ ಪ್ರಚಾರವು ಶಿರಾ, ಪಾವಗಡಗಳ ಗಡಿಯಲ್ಲಿ ನಿಲ್ಲುತ್ತದೆ. ಮಕ್ಕಳು ತೆಲುಗು ಬಲ್ಲರು ನಿಜ. ಆದರೆ ನಾನು ಹೇಳುತ್ತಿರುವ ಉಪಾಯವು ತಾಯಿಯ ಮೂಲಕ ಸಾಗತಕ್ಕದ್ದು, ತಾಯಿಯ ಮನಸ್ಸಿಗೆ ತಟ್ಟುವುದು ಮನೆಯ ಮಾತೇ. ಇಲ್ಲಿಂದ ದುಡಿಮೆಗಾಗಿ ಬೆಂಗಳೂರಿನ ಗ್ಯಾರೇಜಿಗೋ ಬಣ್ಣದ ಕೆಲಸಕ್ಕೋ ಸೇರುವ ಹುಡುಗರು ಆ ದ್ರಾವಕಗಳ ನಡುವೆಯೇ ದಿನ ಕಳೆಯಬೇಕಾಗಿರುವುದರಿಂದ, ಆ ಮಾತು ಅವರು ಊರು ಬಿಡುವ ಮುನ್ನವೇ ಮನೆಯಲ್ಲಿ ಬಿದ್ದಿರಬೇಕು.

ಸಿಕ್ಕಿಬಿದ್ದ ಮಗುವನ್ನು ಶಾಲೆಯಿಂದ ಹೊರಗೆ ಹಾಕುವುದೆಂದರೆ ಅದನ್ನು ಚಟದ ಕೈಗೇ ಒಪ್ಪಿಸಿದಂತೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಆಪತ್ತಿನಲ್ಲಿರುವ ಮಕ್ಕಳಿಗೆ 1098 ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವೇ ಉಂಟು. ಮಡಕಶಿರಾ ಸೀಮೆಯ ಕನ್ನಡ ಶಾಲೆಗಳ ಉಪಾಧ್ಯಾಯರು ಮುಂದಿನ ಜೂನಿನಲ್ಲಿ ಶಾಲೆ ತೆರೆದಾಗ ನಡೆಸುವ ಮೊದಲನೆಯ ಪೋಷಕರ ಸಭೆಗೆ ಮಕ್ಕಳನ್ನೂ ಕೂರಿಸಿಕೊಂಡು, ಅರ್ಧ ಗಂಟೆ ಈ ವಿಷಯವನ್ನು ತಾಯಂದಿರಿಗೆ ಕನ್ನಡದಲ್ಲಿ ವಿವರಿಸಿ, ಈ ಮೂರು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಬೇಕೆಂದು ಕೋರುತ್ತೇನೆ.