ಗಣಕದ ಮೂಲೆ: ಕಂಪ್ಯೂಟರ್ ತೆವಳುತ್ತಿದೆಯೇ?



ನಿನ್ನೆಯವರೆಗೂ ಚುರುಕಾಗಿದ್ದ ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಮೆನಡಿಗೆ ಹಿಡಿದಿದೆಯೇ? ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದು ಅವಸರಪಡಬೇಡಿ.

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಇವುಗಳಲ್ಲಿ ಯಾವುದು ಶೇಕಡಾ 100ರ ಹತ್ತಿರ ನಿಂತಿದೆ, ನೋಡಿ. ಮೆಮೊರಿ ತುಂಬಿದ್ದರೆ ಬೇಡದ ಪ್ರೋಗ್ರಾಮುಗಳನ್ನು ಮುಚ್ಚಿ. ಹಾರ್ಡ್ ಡಿಸ್ಕ್ ಸದಾ 100ರಲ್ಲೇ ಇದ್ದು, ಟಕಟಕ ಸದ್ದೂ ಬಂದರೆ ಅದು ಕೆಡುವ ಸೂಚನೆ. ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿ.

ನಮ್ಮ ಸಿಲ್ಲೋಡಿನ ಬೇಸಿಗೆ 40 ಡಿಗ್ರಿ ಮುಟ್ಟುವಂಥದು. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಬಿಸಿ ಹೊರಹೋಗದು. ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ವಿದ್ಯುತ್ ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ.

ಕೊನೆಗೂ ಫಾರ್ಮ್ಯಾಟ್ ಅನಿವಾರ್ಯವಾದರೆ ಒಂದು ಮಾತು. ಅಪ್ಪ ಹಳೆಯ ‘ನುಡಿ’ಯಲ್ಲೋ 1998ರಲ್ಲಿ ಬಂದ ‘ಬರಹ’ದಲ್ಲೋ ಟೈಪು ಮಾಡಿಟ್ಟ ಕಾಗದಪತ್ರ, ಅಜ್ಜಿಯ ಹಾಡುಗಳು ಅದರಲ್ಲಿರಬಹುದು. ಯುನಿಕೋಡ್ ಅಲ್ಲದ ಆ ಕಡತಗಳು ತಮ್ಮ ಫಾಂಟಿಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ಕಡತದ ಜೊತೆಗೆ ಫಾಂಟನ್ನೂ ಉಳಿಸಿಕೊಳ್ಳಿ. ಕಂಪ್ಯೂಟರ್ ಇನ್ನೊಂದು ಕೊಳ್ಳಬಹುದು, ಅಜ್ಜಿಯ ಹಾಡನ್ನಲ್ಲ.